ಒಂದು ಚೀಲ ಜೋಳಕ್ಕೆ ಯಾವ ಸೈಕಲ್ ಸರಿ?

ವಿಜಯಪುರದ ಹಳೇ ಊರಿನ ಒಂದು ಗಲ್ಲಿಯಲ್ಲಿ ನಮ್ಮದು ಸಣ್ಣ ರೊಟ್ಟಿ ಉದ್ಯೋಗ. ಅವ್ವ, ಕಾಕು, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ರೊಟ್ಟಿ ಬಡಿಯುತ್ತಾರೆ. ನನ್ನ ಪಾಲಿಗೆ ಬಂದಿದ್ದು ಹೊರೋ ಕೆಲಸ. ಮಾರ್ಕೆಟ್‌ನಿಂದ ಜೋಳ ತರಬೇಕು. ಅದನ್ನು ಗಿರಣಿಗೆ ಒಯ್ದು ಹಿಟ್ಟು ಮಾಡಿಸಿಕೊಂಡು ಬರಬೇಕು. ಸಿಲಿಂಡರ್ ಮುಗಿದರೆ ಅದೂ ನನ್ನ ತಲೆಗೇ. ಕೊನೆಗೆ ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸಬೇಕು. ಇಷ್ಟೂ ಓಡಾಟ ಸೈಕಲ್ ಮೇಲೆಯೇ ನಡೆಯುತ್ತದೆ. ದಿನಕ್ಕೆ ಎಂಟ್ಹತ್ತು ಕಿಲೋಮೀಟರ್ ದಾಟೋದಿಲ್ಲ, ನಮ್ಮ ಗಲ್ಲಿಯ ಅಗಲಕ್ಕೆ ದೊಡ್ಡ ಗಾಡಿ ಒಳಗೆ ಬರೋದೂ ಇಲ್ಲ. ಹಾಗಾಗಿ ಸೈಕಲ್ಲೇ ಹೊಂದಿಕೊಂಡಿದೆ.

ಸೈಕಲ್ ಮೇಲೆ ಸಾಮಾನು ಹೇರೋ ವಿಚಾರ ಬಂದರೆ ಎಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟು ಕೆಜಿ ತಡೀತದ?" ನಾನೂ ಹಾಗೇ ಕೇಳುತ್ತಿದ್ದೆ. ಕ್ಯಾರಿಯರ್, ಪಕ್ಕದ ಚೌಕಟ್ಟು, ಟ್ರೇಲರ್, ಮೂರು ಗಾಲಿಯ ಗಾಡಿ, ಎಲ್ಲವನ್ನೂ ಬಳಸಿ ನೋಡಿದ ಮೇಲೆ ಅನಿಸಿದ್ದು, ಅದು ಮೂರನೇ ಪ್ರಶ್ನೆ ಅಂತ. ಮೊದಲನೆಯದು, ತೂಕ ಎಲ್ಲಿ ಕೂರುತ್ತದೆ? ಎರಡನೆಯದು, ಅದನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೀರಿ? ಇವೆರಡಕ್ಕೆ ಉತ್ತರ ಸಿಕ್ಕರೆ ಕೆಜಿ ಲೆಕ್ಕ ಅರ್ಧ ಮುಗಿದ ಹಾಗೆ.

ನಾನು ಹೊರುವ ಸಾಮಾನು ಹೀಗಿದೆ. ಜೋಳದ ಚೀಲ 50 ಕೆಜಿ. ಸಿಲಿಂಡರಿನೊಳಗೆ ಗ್ಯಾಸ್ 14.2 ಕೆಜಿ, ಕಬ್ಬಿಣವೂ ಹೆಚ್ಚುಕಮ್ಮಿ ಅಷ್ಟೇ, ಎರಡೂ ಸೇರಿ 30ರ ಹತ್ತಿರ. ನೀರಿನ ಕ್ಯಾನು 20 ಲೀಟರ್, ಅಂದರೆ 20 ಕೆಜಿ. ನೂರು ಖಡಕ್ ರೊಟ್ಟಿಯ ಡಬ್ಬ ನಾಲ್ಕೈದು ಕೆಜಿ ಅಷ್ಟೇ. ಆದರೆ ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ಕೊನೆಯದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆಯಲ್ಲಿರೋ ಹಳೇ ಸೈಕಲ್

ಅಪ್ಪನ ಕಾಲದ ದೊಡ್ಡ ಗಾಲಿಯ ಕಬ್ಬಿಣದ ಸೈಕಲ್ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹೇರಿಗೆ ಬಂದರೆ ಹೊಸ ಗೇರ್ ಸೈಕಲ್‌ಗಿಂತ ಅದೇ ಮೇಲು. 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಭಾರ ಹಿಂದೆ ಬೀಳುತ್ತದೆ ಅಂತ ಗೊತ್ತಿದ್ದವರೇ ಹಿಂದೆ ಎಂಟು ಕಡ್ಡಿ ಜಾಸ್ತಿ ಕೊಟ್ಟಿದ್ದಾರೆ. ಖಾಲಿ ಸೈಕಲ್ಲೇ 20 ಕೆಜಿ ಮೇಲೆ ತೂಗುತ್ತದೆ ನಿಜ. ಆದರೆ ಫ್ರೇಮು ಉದ್ದ, ಗಾಲಿ ಗಾಲಿಯ ನಡುವೆ ಜಾಗ ಜಾಸ್ತಿ. ಹಾಗಾಗಿ ಹೇರು ತುಂಬಿದಾಗ ಹಾವಾಡಿದ ಹಾಗೆ ಆಡೋದಿಲ್ಲ. ನಮ್ಮದು ಅಟ್ಲಾಸ್. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿತು ಅಂತ ಓದಿದಾಗ ಬೇಜಾರಾಗಿತ್ತು. ಆದರೂ ಬಿಡಿಭಾಗಕ್ಕೆ ತೊಂದರೆಯಾಗಿಲ್ಲ. ಈ ಜಾತಿಯ ಸೈಕಲ್‌ಗಳ ಹೆಸರು ಬೇರೆ ಬೇರೆ ಇದ್ದರೂ ಅಳತೆ ಹೆಚ್ಚುಕಮ್ಮಿ ಒಂದೇ.

ಈ ಸೈಕಲ್‌ನಲ್ಲಿ ಸೋಲೋದು ಫ್ರೇಮಲ್ಲ, ಕ್ಯಾರಿಯರ್. ಅಂಗಡಿಯಿಂದ ಬಂದ ಕ್ಯಾರಿಯರ್‌ಗೆ ಎರಡೂ ಕಡೆ ಒಂದೊಂದು ತೆಳುವಾದ ಕಾಲು ಇರುತ್ತದೆ. ಒಂದು ಸಲ ಎಲ್‌ಬಿಎಸ್ ಮಾರ್ಕೆಟ್‌ನಿಂದ 50 ಕೆಜಿ ಮಾಲದಂಡಿ ಜೋಳ ಹಾಗೇ ಹೇರಿಕೊಂಡು ಹೊರಟಿದ್ದೆ. ಒಂದು ಹಂಪ್ ಹತ್ತಿಸಿ ಇಳಿಸಿದೆ, ಬಲಗಡೆಯ ಕಾಲು ಟಕ್ ಅಂತ ಮುರಿಯಿತು. ಚೀಲ ವಾಲಿತು, ಅದರ ಹೊಲಿಗೆ ಕಡ್ಡಿಗೆ ಸಿಕ್ಕಿತು. ಗಾಲಿ ಇನ್ನೊಂದು ಸುತ್ತು ತಿರುಗುವಷ್ಟರಲ್ಲಿ ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತು. ಜೋಳ ನಲ್ಲಿಯಿಂದ ಬಿಟ್ಟ ಹಾಗೆ ರಸ್ತೆಗೆ ಸುರಿಯಿತು. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಅಜ್ಜಿ ತಾನೇ ಎದ್ದು ಬಂದು ಕಸಬರಿಗೆಯಿಂದ ಗುಡಿಸಿ ಕೊಟ್ಟಳು. ಕೊಡುತ್ತಾ ಅಂದಳು: "ತಮ್ಮಾ, ಎತ್ತಿನ ಮ್ಯಾಲಿನ ಹೇರು ಸೈಕಲ್ ಮ್ಯಾಲೆ ಹೇರಿದ್ರ ಹಿಂಗ ಆಗೂದು." ಆ ಜೋಳವನ್ನು ಕೇರಿ, ಕಲ್ಲು ಆರಿಸಿ ಮುಗಿಸುವಷ್ಟರಲ್ಲಿ ಕಾಕುಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಏನು ಕೇಳಿಸಿಕೊಂಡೆ ಅನ್ನೋದು ಬೇಡ ಬಿಡಿ.

ಆಮೇಲೆ ಗಟ್ಟಿ ಸರಳಿನ ಕ್ಯಾರಿಯರ್ ಮಾಡಿಸಿದೆ, ಎರಡೂ ಕಡೆ ಎರಡೆರಡು ಕಾಲು. ನಿಮಗೂ ಹೇಳೋದು ಇಷ್ಟೇ: ಪೈಪ್ ಬೇಡ, ಸರಳು ಹಾಕಿಸಿ. ಹೇರಿನ ನಡುಮಧ್ಯ ಹಿಂದಿನ ಗಾಲಿಯ ಎಕ್ಸಲ್ ಮೇಲೆ ಬರಬೇಕು, ಅದರ ಹಿಂದಕ್ಕೆ ಹೋಗಬಾರದು. ಹಿಂದಕ್ಕೆ ಹೋದರೆ ಮುಂದಿನ ಗಾಲಿ ಹಗುರಾಗುತ್ತದೆ, ಹ್ಯಾಂಡಲ್ ತಾನಾಗಿ ಕುಣಿಯೋಕೆ ಶುರು ಮಾಡುತ್ತದೆ. ಕಟ್ಟೋಕೆ ಹಗ್ಗಕ್ಕಿಂತ ಲಾರಿ ಟ್ಯೂಬ್ ಸೀಳಿದ ಪಟ್ಟಿ ಒಳ್ಳೇದು. ಚೀಲ ಅಲುಗಾಡಿ ಸ್ವಲ್ಪ ಕುಗ್ಗಿದರೂ ಪಟ್ಟಿ ತಾನೇ ಬಿಗಿ ಹಿಡಿದುಕೊಳ್ಳುತ್ತದೆ. ಹಗ್ಗ ಅಷ್ಟರಲ್ಲಿ ಸಡಿಲಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಯಾರಿಯರ್ ಮೇಲೆ ನಾನು 40 ಕೆಜಿ ದಾಟೋದಿಲ್ಲ. ಮುರಿಯುತ್ತದೆ ಅಂತಲ್ಲ. ಅಷ್ಟು ಎತ್ತರದಲ್ಲಿ ಕೂತ ಭಾರ ನಿಧಾನಕ್ಕೆ ಹೋಗುವಾಗ ಮೈ ವಾಲಿದ ಕಡೆಗೇ ಎಳೆಯುತ್ತದೆ. ಗಾಂಧಿ ಚೌಕದಂಥ ಜಾಗದಲ್ಲಿ ನಿಂತು, ಮತ್ತೆ ತುಳಿದು, ಮತ್ತೆ ನಿಲ್ಲುವಾಗ ಅದರ ಕಷ್ಟ ಗೊತ್ತಾಗುತ್ತದೆ.

ಹಾಲಿನವರು ಮಾಡೋ ಹಾಗೆ

ಅದೇ ಸೈಕಲ್, ಅದೇ 50 ಕೆಜಿ. ಎರಡು ಪಾಲು ಮಾಡಿ ಎಡಕ್ಕೆ 25, ಬಲಕ್ಕೆ 25 ತೂಗುಹಾಕಿ ನೋಡಿ. ಬೇರೆಯೇ ಸೈಕಲ್ ಅನಿಸುತ್ತದೆ. ಹಳ್ಳಿಯಿಂದ ಹಾಲು ತರೋರು ಇದನ್ನು ಯಾವ ಕಾಲದಿಂದಲೋ ಮಾಡುತ್ತಿದ್ದಾರೆ. ಕ್ಯಾನು ಗಾಲಿಯ ಎರಡೂ ಪಕ್ಕ ಕೆಳಗೆ ನೇತಾಡುತ್ತವೆ, ಭಾರ ನೆಲಕ್ಕೆ ಹತ್ತಿರ ಇರುತ್ತದೆ. ಒಬ್ಬರು ಹಾಲು ಹಾಕೋದನ್ನು ಗಮನಿಸಿ ನೋಡಿದೆ. ಮೊದಲ ಮನೆಗೆ ಎಡಗಡೆಯ ಕ್ಯಾನು, ಮುಂದಿನ ಮನೆಗೆ ಬಲಗಡೆಯದು. ಒಂದೇ ಕ್ಯಾನು ಖಾಲಿ ಮಾಡುತ್ತಾ ಹೋದರೆ ಸೈಕಲ್ ಒಂದು ಕಡೆ ಜಗ್ಗುತ್ತದೆ ಅಲ್ವಾ, ಅದಕ್ಕೆ.

ಕ್ಯಾರಿಯರ್‌ನಿಂದ ಕೆಳಕ್ಕೆ ಏಣಿಯ ಹಾಗೆ ಎರಡು ಚೌಕಟ್ಟು, ಕೆಳತುದಿಯಲ್ಲಿ ಒಂದು ಅಂಚು. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಅಳತೆ ಕೊಡುವಾಗ ಸೀಟಿನ ಮೇಲೆ ನೀವೇ ಕೂತು ಪೆಡಲ್ ತಿರುಗಿಸಿ ನೋಡಿ. ಹಿಮ್ಮಡಿ ಚೌಕಟ್ಟಿಗೆ ತಾಗಬಾರದು. ನನ್ನ ಮೊದಲ ಚೌಕಟ್ಟು ತಾಗುತ್ತಿತ್ತು. ವಾರವಿಡೀ ಕುಂಟಿದೆ, ಆಮೇಲೆ ಬಿಚ್ಚಿ ನಾಲ್ಕು ಬೆರಳು ಹಿಂದಕ್ಕೆ ಹಾಕಿಸಿದೆ.

ನೀರಿನ ಕ್ಯಾನಿಗೆ, ಹಿಟ್ಟಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಿಲಿಂಡರನ್ನು ಮಲಗಿಸಬಾರದು. ಇದರಲ್ಲಿ ಒಂದು ಪಕ್ಕ ನಿಲ್ಲಿಸಿಯೇ ಕಟ್ಟಬಹುದು, ಇನ್ನೊಂದು ಪಕ್ಕ ಸರಿತೂಕಕ್ಕೆ ಏನಾದರೂ ಇದ್ದರೆ. ಒಟ್ಟು 60 ಕೆಜಿವರೆಗೆ ನಾನು ಧೈರ್ಯವಾಗಿ ಹೋಗುತ್ತೇನೆ. ತೊಂದರೆ ಎರಡೇ. ಸೈಕಲ್ ಅಗಲವಾಗುತ್ತದೆ, ನಿಂತ ಗಾಡಿಗಳ ನಡುವೆ ನುಸುಳುವಾಗ ಅದು ನೆನಪಿರಬೇಕು. ಹೇರಿದ ಮೇಲೆ ಕಾಲೆತ್ತಿ ಹಿಂದಿನಿಂದ ಹತ್ತೋಕೂ ಆಗೋದಿಲ್ಲ, ಮುಂದಿನ ಬಾರ್ ಮೇಲಿಂದ ಹತ್ತಬೇಕು. ಪಂಚೆ ಉಟ್ಟವರಿಗೆ ಕಷ್ಟ.

ಹೇರುವಾಗ ಇನ್ನೊಂದು ಕೈ ಇಲ್ಲದಿದ್ದರೆ ಹಮಾಲರ ಉಪಾಯ ಮಾಡಿ. ಅಷ್ಟು ಭಾರಕ್ಕೆ ಒಂಟಿ ಕಾಲಿನ ಸ್ಟ್ಯಾಂಡು ಬಾಗಿಹೋಗುತ್ತದೆ. ಎರಡು ಕಾಲಿನ ಸ್ಟ್ಯಾಂಡು ಹಾಕಿ, ಜೊತೆಗೆ ಕ್ಯಾರಿಯರ್ ಅಡಿಗೆ ಒಂದು ಕೋಲು ಊರಿ. ಮೊದಲು ಒಂದು ಬದಿ ಅರ್ಧ, ಆಮೇಲೆ ಇನ್ನೊಂದು ಬದಿ ಪೂರ್ತಿ, ಮತ್ತೆ ಮೊದಲ ಬದಿ ಉಳಿದರ್ಧ. ಒಂದೇ ಬದಿ ಪೂರ್ತಿ ಹೇರಿದರೆ ಸೈಕಲ್ ನಿಮ್ಮ ಕಾಲ ಮೇಲೇ ಮಲಗುತ್ತದೆ.

ಹೇರೋ ಮುಂಚೆ ಮೂರು ಸಣ್ಣ ಕೆಲಸ

ಯಾವ ದಾರಿ ಆರಿಸಿದರೂ ಇವು ಬೇಕೇ ಬೇಕು. ಮೊದಲು ಹವಾ. ಖಾಲಿ ಸೈಕಲ್‌ಗೆ ಸಾಕಾಗೋ ಹವಾ ಹೇರಿಗೆ ಸಾಲದು. ಟೈರು ಮೆತ್ತಗಿದ್ದರೆ ಗುಂಡಿಯ ಅಂಚಿಗೆ ಬಡಿದಾಗ ರಿಮ್ಮು ಟ್ಯೂಬನ್ನು ನೆಲಕ್ಕೆ ಅದುಮುತ್ತದೆ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಪಂಚರ್ ತೆಗೆಯುವಾಗ ಜೋಡಿ ತೂತು ಕಂಡರೆ ಮುಳ್ಳನ್ನು ಬಯ್ಯಬೇಡಿ, ಪಂಪು ಹುಡುಕಿ. ಒಂದೇ ತೂತಿದ್ದರೆ ಮಾತ್ರ ಬಳ್ಳಾರಿ ಜಾಲಿಯ ಕೆಲಸ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ.

ಎರಡನೆಯದು ಫ್ರೀವೀಲ್, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರ. ಈ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು. ಪೆಡಲ್ ಒಂದು ಸುತ್ತು ಹೊಡೆದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಹಿಂದೆ 22 ಹಲ್ಲಿನದು ಹಾಕಿಸಿದರೆ ನಾಲ್ಕೂವರೆ ಮೀಟರ್. ವೇಗ ಕಡಿಮೆಯಾಯಿತು, ಆದರೆ ಪ್ರತಿ ತುಳಿತಕ್ಕೆ ಬೇಕಾದ ಬಲವೂ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಇಳಿಯಿತು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಮೊಣಕಾಲು ಉಳಿಸೋಕೆ ಇಷ್ಟು ಅಗ್ಗದ ದಾರಿ ನನಗೆ ಬೇರೆ ಕಂಡಿಲ್ಲ.

ಮೂರನೆಯದು ಕಡ್ಡಿ. ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಇರೋ ಬದಿಯ ಕಡ್ಡಿಗಳೇ ಮೊದಲು ಹೋಗುತ್ತವೆ, ಆ ಬದಿ ಬಿಗಿ ಜಾಸ್ತಿ. ಹೋಗುವಾಗ ಟಿಂಗ್ ಅಂತ ಸದ್ದು ಬರುತ್ತದೆ. ಕೇಳಿಸಿದ ದಿನವೇ ಹಾಕಿಸಿ. ಒಂದು ಹೋದರೆ ಅದರ ಪಾಲಿನ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ.

ಟ್ರೇಲರ್

ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ನ ಮರಿ ಅಂದುಕೊಳ್ಳಿ. ಎರಡು ಸಣ್ಣ ಗಾಲಿ, ಒಂದು ತಟ್ಟೆ, ಸೈಕಲ್‌ಗೆ ಸಿಕ್ಕಿಸೋಕೆ ಒಂದು ತೋಳು. ಭಾರ ಸೈಕಲ್ ಮೇಲೆ ಬೀಳೋದು ತೀರಾ ಕಡಿಮೆ, ಹೆಚ್ಚಿನದು ಟ್ರೇಲರ್‌ನ ಗಾಲಿಗಳ ಮೇಲೇ ಕೂರುತ್ತದೆ. ಬೇಡವಾದಾಗ ಬಿಚ್ಚಿದರೆ ಸೈಕಲ್ ಮತ್ತೆ ಸೈಕಲ್. ನನಗೆ ಇದೇ ಜಾಸ್ತಿ ಇಷ್ಟ. ಜಾಸ್ತಿ ತಪ್ಪು ಮಾಡಿದ್ದೂ ಇದರಲ್ಲೇ.

ನಮ್ಮ ಊರಲ್ಲಿ ಇದು ಸಿದ್ಧವಾಗಿ ಸಿಗೋದು ನಾನು ನೋಡಿಲ್ಲ, ಮಾಡಿಸಬೇಕು. ಮಕ್ಕಳ ಸೈಕಲ್‌ನ 20 ಇಂಚಿನ ಎರಡು ಗಾಲಿ ಗುಜರಿಯಲ್ಲಿ ಸಿಕ್ಕವು. ಗಾಲಿ ಎರಡೂ ಬದಿಯಿಂದ ಹಿಡಿತ ಪಡೆಯಬೇಕು. ತಳ್ಳುಗಾಡಿಯ ಹಾಗೆ ಒಂದೇ ಬದಿಯ ಎಕ್ಸಲ್‌ಗೆ ಸೈಕಲ್ ಗಾಲಿ ಹಾಕಿದರೆ ಆ ತೆಳು ಎಕ್ಸಲ್ ಬಾಗುತ್ತದೆ. ಅಗಲ ಎರಡೂವರೆ ಅಡಿ ಸಾಕು.

ತೋಳು ಸೀಟಿನ ಕೆಳಗೆ ಸಿಕ್ಕಿಸಬೇಕೋ, ಹಿಂದಿನ ಎಕ್ಸಲ್ ಹತ್ತಿರವೋ? ಎಕ್ಸಲ್ ಹತ್ತಿರವೇ. ಬ್ರೇಕ್ ಹಿಡಿದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಆ ನೂಕು ಮೇಲಿಂದ ಬಂದರೆ ಸೈಕಲ್ ಮಗುಚುತ್ತದೆ, ಕೆಳಗಿಂದ ಬಂದರೆ ಮುಂದಕ್ಕೆ ದೂಡುತ್ತದೆ ಅಷ್ಟೇ. ಕೊಂಡಿ ಎಲ್ಲ ಕಡೆಗೂ ಬಾಗಬೇಕು, ದಪ್ಪ ರಬ್ಬರ್ ಪೈಪಿನ ಗೇಣುದ್ದದ ತುಂಡಿಗೆ ಎರಡೂ ತುದಿಯಲ್ಲಿ ಬೋಲ್ಟು ಹಾಕಿದರೆ ಸಾಕು. ಸೈಕಲ್ ಬಿದ್ದರೂ ಟ್ರೇಲರ್ ನಿಂತೇ ಇರುತ್ತದೆ.

ಹೇರೋ ವಿಧಾನಕ್ಕೆ ಚಕ್ಕಡಿ ಹೂಡಿದವರನ್ನು ಕೇಳಿ. ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದೆ, ಮುಂದೆ ಜಾಸ್ತಿ ಹೇರಿದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಇಲ್ಲೂ ಅದೇ. ಭಾರದ ನಡುಮಧ್ಯ ಗಾಲಿಗಳಿಗಿಂತ ಸ್ವಲ್ಪ ಮುಂದೆ ಇರಲಿ, ತೋಳಿನ ತುದಿಯಲ್ಲಿ ಹತ್ತನೇ ಒಂದು ಪಾಲು ಭಾರ ಬೀಳುವ ಹಾಗೆ. 50 ಕೆಜಿ ಹೇರಿದರೆ ತೋಳನ್ನು ಒಂದೇ ಕೈಯಲ್ಲಿ ಐದು ಕೆಜಿ ಎತ್ತಿದ ಹಾಗೆ ಎತ್ತಬೇಕು. ಕೈಗೆ ಹಗುರ ಅನಿಸಿದರೆ ಚೀಲ ಮುಂದಕ್ಕೆ ಸರಿಸಿ. ತೋಳು ತಾನೇ ಮೇಲೇಳುತ್ತಿದ್ದರೆ ಹೊರಡಲೇಬೇಡಿ. ಅದು ಸೈಕಲ್‌ನ ಹಿಂದಿನ ಗಾಲಿಯನ್ನು ನೆಲದಿಂದ ಎತ್ತುತ್ತದೆ, ಇಳಿಜಾರಿನಲ್ಲಿ ಬಾಲ ಬೀಸಿದ ಹಾಗೆ ಬೀಸುತ್ತದೆ.

ನನ್ನ ತಪ್ಪು ಕೊಂಡಿಯ ಪಿನ್ನಿನಲ್ಲಿ. ಮಾಡಿಕೊಟ್ಟವರು ಪಿನ್ನಿನ ಬದಲು ಒಂದು ಉದ್ದ ಮೊಳೆ ಹಾಕಿ ತುದಿ ಬಗ್ಗಿಸಿದ್ದರು. "ಏನೂ ಆಗಂಗಿಲ್ಲ ಹೋಗ್ರಿ ಅಣ್ಣಾರ" ಅಂದಿದ್ದರು. ಮೂರನೇ ವಾರ ಗಿರಣಿಯಿಂದ ಬರುವಾಗ ಇದ್ದಕ್ಕಿದ್ದ ಹಾಗೆ ಸೈಕಲ್ ಹಗುರಾಯಿತು. ತುಳಿಯೋದು ಸಲೀಸಾಯಿತಲ್ಲ ಅಂತ ಒಂದು ಗಳಿಗೆ ಖುಷಿಯೂ ಆಯಿತು. ತಿರುಗಿ ನೋಡಿದರೆ ಹಿಟ್ಟಿನ ಸಮೇತ ಟ್ರೇಲರ್ ತಾನೇ ಚರಂಡಿ ಕಡೆ ಹೊರಟಿತ್ತು! ಚರಂಡಿ ಕಲ್ಲಿಗೆ ಬಡಿದು ನಿಂತಿತು, ಹಿಟ್ಟು ಉಳಿಯಿತು. ಅವತ್ತಿನಿಂದ ತುದಿಯಲ್ಲಿ ರಿಂಗ್ ಇರೋ ಗಟ್ಟಿ ಪಿನ್ನು, ಜೊತೆಗೆ ಫ್ರೇಮಿಗೆ ಸುತ್ತಿದ ಒಂದು ಗೇಣು ಸರಪಳಿ. ಪಿನ್ನು ಬಿದ್ದರೂ ಸರಪಳಿ ಬಿಡೋದಿಲ್ಲ.

ಸಮತಟ್ಟು ರಸ್ತೆಯಲ್ಲಿ ಇದರ ಮೇಲೆ 80 ಕೆಜಿವರೆಗೆ ಎಳೆದಿದ್ದೇನೆ. ಆದರೆ ಬ್ರೇಕ್ ಅದೇ ಹಳೇ ಸೈಕಲ್‌ನದು ಅನ್ನೋದು ಮರೆಯಬೇಡಿ. ಒಟ್ಟು ಭಾರ ಎರಡರಷ್ಟಾದರೆ, ಅದೇ ಬ್ರೇಕಿಗೆ, ನಿಲ್ಲೋಕೆ ಬೇಕಾದ ದೂರವೂ ಹೆಚ್ಚುಕಮ್ಮಿ ಎರಡರಷ್ಟು. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಅದಕ್ಕೇ ಹೇರಿದ ದಿನ ನಾನು ಆಮೆ.

ಈಗ ರೊಟ್ಟಿಯ ಕಥೆ. ಇಷ್ಟು ಒಳ್ಳೆ ಟ್ರೇಲರ್ ಇದೆಯಲ್ಲ ಅಂತ ಒಂದು ದಿನ ನಾಲ್ಕು ಡಬ್ಬ ಖಡಕ್ ರೊಟ್ಟಿ ಇಟ್ಟುಕೊಂಡು ಹೊರಟೆ. ಖಾನಾವಳಿಯಲ್ಲಿ ಡಬ್ಬ ತೆಗೆದರೆ ಒಳಗೆ ಚೂರು. ಸ್ಪ್ರಿಂಗ್ ಇಲ್ಲದ ಟ್ರೇಲರ್ ಭಾರ ಇದ್ದಾಗ ನೆಲ ಕಚ್ಚಿ ಬರುತ್ತದೆ, ಹಗುರ ಇದ್ದಾಗ ಪ್ರತಿ ಗುಂಡಿಗೂ ಜಿಗಿಯುತ್ತದೆ. ಇಪ್ಪತ್ತು ಕೆಜಿ ರೊಟ್ಟಿ ಅದಕ್ಕೆ ಖಾಲಿ ಇದ್ದ ಹಾಗೆ. ಖಾನಾವಳಿಯ ಮಾಲೀಕರು "ಮುಟಗಿ ಮಾಡಾಕ ಕೊಡ್ರಿ ಇವನ್ನ" ಅಂತ ನಕ್ಕರು (ಮುಟಗಿ ಅಂದರೆ ರೊಟ್ಟಿ ಮುರಿದು ಮಾಡೋ ತಿನಿಸು), ದುಡ್ಡು ಮಾತ್ರ ಕೊಡಲಿಲ್ಲ. ಈಗ ರೊಟ್ಟಿ ಹೋಗೋದು ಕ್ಯಾರಿಯರ್ ಮೇಲೆ, ಅಡಿಗೆ ಮಡಚಿದ ಗೋಣಿಚೀಲ ಹಾಕಿ. 28 ಇಂಚಿನ ಗಾಲಿ ಸಣ್ಣ ಗುಂಡಿಗಳ ಮೇಲೆ ಹಾದುಹೋಗುತ್ತದೆ, 20 ಇಂಚಿನದು ಒಳಗಿಳಿದು ಎದ್ದು ಬರುತ್ತದೆ. ರಬಕವಿ-ಬನಹಟ್ಟಿ ಕಡೆ ನೂಲು, ಸೀರೆ ಹೊರೋರಿಗೆ ಈ ಚಿಂತೆ ಇಲ್ಲ. ಅವರ ಹೇರು ಕುಣಿದರೂ ಮುರಿಯೋದಿಲ್ಲ, ಮಳೆಗೆ ನೆನೆಯಬಾರದು ಅಷ್ಟೇ. ಅವರಿಗೆ ಟ್ರೇಲರ್ ಮೇಲೆ ಒಂದು ತಾಡಪಾಲು ಹೊದಿಸಿದರೆ ಮುಗಿಯಿತು.

ಮೂರು ಗಾಲಿಯ ಗಾಡಿ

ದಿನವೂ ಕ್ವಿಂಟಲ್ ಮೇಲೆ ಹೊರೋದಿದ್ದರೆ ಇದೊಂದೇ ದಾರಿ. ಒಂದೂವರೆ, ಎರಡು ಕ್ವಿಂಟಲ್ ಆರಾಮಾಗಿ ಕೂರುತ್ತದೆ. ನಿಂತಾಗ ಬೀಳುವ ಚಿಂತೆಯಿಲ್ಲ, ಸಿಮೆಂಟ್ ಚೀಲ, ಫ್ರಿಜ್, ಕಪಾಟು, ಏನು ಬೇಕಾದರೂ ಇಡಿ. ನಾನು ಪರಿಚಯದವರ ಗಾಡಿಯನ್ನು ಒಂದು ತಿಂಗಳು ಬಾಡಿಗೆಗೆ ಓಡಿಸಿದ್ದೇನೆ.

ಮೊದಲ ದಿನ ತಿಳಿದಿದ್ದು, ಇದು ಸೈಕಲ್ ಅಲ್ಲ ಅಂತ. ತಿರುವಿನಲ್ಲಿ ಮೈ ವಾಲಿಸಿ ಅಭ್ಯಾಸ ಇರುತ್ತದೆ, ಇದು ವಾಲೋದಿಲ್ಲ. ಜೋರಾಗಿ ತಿರುಗಿಸಿದರೆ ಒಳಗಿನ ಗಾಲಿ ಎದ್ದುಬಿಡುತ್ತದೆ. ಇಂಥ ಹೆಚ್ಚಿನ ಗಾಡಿಗಳಲ್ಲಿ ಚೈನ್ ಹಿಂದಿನ ಎರಡು ಗಾಲಿಗಳಲ್ಲಿ ಒಂದನ್ನು ಮಾತ್ರ ತಿರುಗಿಸುತ್ತದೆ, ಇನ್ನೊಂದು ಸುಮ್ನೆ ಉರುಳುತ್ತದೆ. ಹಾಗಾಗಿ ಭಾರ ತುಳಿಯುವಾಗ ಗಾಡಿ ಸ್ವಲ್ಪ ಒಂದು ಬದಿಗೆ ಎಳೆಯುತ್ತದೆ. ಆ ಚೈನಿನ ಗಾಲಿ ಮಳೆಗಾಲದಲ್ಲಿ ಎರೆಮಣ್ಣಿಗೆ ಸಿಕ್ಕಿದರೆ ಅಲ್ಲೇ ತಿರುಗುತ್ತಾ ನಿಲ್ಲುತ್ತದೆ. ಬ್ರೇಕ್ ಹೆಚ್ಚಾಗಿ ಮುಂದಿನ ಗಾಲಿಗೆ ಮಾತ್ರ, ಭಾರವೆಲ್ಲ ಹಿಂದೆ. ಕೊಳ್ಳುವ ಮುಂಚೆ ಹಿಂದಿನ ಬ್ರೇಕ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಖಾಲಿ ಗಾಡಿಯೇ ಒಬ್ಬ ದೊಡ್ಡ ಮನುಷ್ಯನಷ್ಟು ತೂಗುತ್ತದೆ, ಸಾಮಾನು ಇಳಿಸಿ ಬರುವಾಗಲೂ ಬೆವರು ತಪ್ಪೋದಿಲ್ಲ.

ಇನ್ನು ನಮ್ಮ ಊರಿನ ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಬೀಸೋಕೆ ಶುರುವಾದರೆ ಬಯಲಿನ ರಸ್ತೆಯಲ್ಲಿ ಎತ್ತರಕ್ಕೆ ಹೇರಿದ ಗಾಡಿ ಹಾಯಿ ಕಟ್ಟಿದ ದೋಣಿಯಾಗುತ್ತದೆ. ಎದುರು ಗಾಳಿಗೆ ಏರು ಹತ್ತಿದಷ್ಟೇ ಕಷ್ಟ. ಅಂಥ ದಿನ ಹೇರು ತಗ್ಗಾಗಿ, ಉದ್ದಕ್ಕೆ ಹರಡಿ ಕಟ್ಟಿ.

ಇದನ್ನು ನಾನು ಕೊಳ್ಳದೇ ಇದ್ದದ್ದಕ್ಕೆ ಕಾರಣ ಗಲ್ಲಿ. ಬಾಡಿಗೆಗೆ ತಂದ ದಿನ ನಮ್ಮ ತಿರುವಿನ ಕಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡೆ. ಗಾಡಿಗಿಂತ ಗಲ್ಲಿ ನಾಲ್ಕು ಬೆರಳು ಚಿಕ್ಕದು. ಒಂದು ತಿಂಗಳು ಗಾಡಿ ಹೊರಗೆ ನಿಲ್ಲಿಸಿ ಚೀಲ ಬೆನ್ನ ಮೇಲೆ ಹೊತ್ತೆ. ಹಾಗಾದರೆ ಗಾಡಿ ಯಾಕೆ? ಕೊಳ್ಳುವ ಮುಂಚೆ ಒಂದು ಹಗ್ಗದಲ್ಲಿ ಗಲ್ಲಿಯ ಇಕ್ಕಟ್ಟು ಜಾಗ ಅಳೆದು ಗಂಟು ಹಾಕಿ, ಆ ಗಂಟನ್ನು ಗಾಡಿಗೆ ಹಿಡಿದು ನೋಡಿ.

ಡೆನ್ಮಾರ್ಕ್, ನೆದರ್ಲ್ಯಾಂಡ್ಸ್ ಕಡೆ ಮುಂದೆ ಪೆಟ್ಟಿಗೆ ಇರೋ ಉದ್ದ ಸೈಕಲ್ ಬರುತ್ತವೆ, ಮಕ್ಕಳನ್ನೂ ಕೂರಿಸಿಕೊಂಡು ಹೋಗುತ್ತಾರೆ. ನೋಡೋಕೆ ಚೆನ್ನ. ಇಲ್ಲಿ ಅದರ ಬೆಲೆಗೆ ಹಳೇ ಟಂಟಂ ಆಟೋ ಬರುತ್ತದೆ.

ಏರು ಬಂದರೆ

ಇಲ್ಲಿವರೆಗೆ ಹೇಳಿದ್ದೆಲ್ಲ ವಿಜಯಪುರದಂಥ ಸಮತಟ್ಟು ಊರಿಗೆ. ನನ್ನ ಅಕ್ಕ ಬೆಳಗಾವಿಯ ಶಹಾಪುರದಲ್ಲಿದ್ದಾಳೆ. ಅಲ್ಲಿ ಏರಿಳಿತ ಜಾಸ್ತಿ, ಮಳೆಯಂತೂ ನಮ್ಮ ಎರಡರಷ್ಟು. ರಾಡ್ ಬ್ರೇಕಿನ ಹಳೇ ಸೈಕಲ್ ಅಲ್ಲಿ ನಾನು ಹೇರಿಗೆ ಬಳಸೋದಿಲ್ಲ. ಸ್ಟೀಲ್ ರಿಮ್ಮು ನೆನೆದರೆ ಬ್ರೇಕ್ ರಬ್ಬರ್ ಜಾರುತ್ತದೆ, ಹಿಡಿದರೂ ನಿಲ್ಲೋದಿಲ್ಲ.

ಏರಿನ ಲೆಕ್ಕ ಒಮ್ಮೆ ಹಾಕಿ ನೋಡಿ. ನೀವು, ಸೈಕಲ್, ಟ್ರೇಲರ್, ಸಾಮಾನು ಎಲ್ಲ ಸೇರಿ 150 ಕೆಜಿ ಅಂದುಕೊಳ್ಳಿ. ಸಮತಟ್ಟು ಡಾಂಬರಿನಲ್ಲಿ ಗಂಟೆಗೆ 10 ಕಿಲೋಮೀಟರ್ ಹೋಗೋಕೆ ಸುಮಾರು 40 ವ್ಯಾಟ್ ಸಾಕು. 100 ಮೀಟರಿಗೆ 5 ಮೀಟರ್ ಏರೋ ರಸ್ತೆಯಲ್ಲಿ ಅದೇ ವೇಗಕ್ಕೆ 240 ವ್ಯಾಟ್ ದಾಟುತ್ತದೆ. ದುಡಿದು ಗಟ್ಟಿಯಾದ ಮೈ ಗಂಟೆಗಟ್ಟಲೆ ಕೊಡಬಲ್ಲದ್ದು 75ರಿಂದ 100 ವ್ಯಾಟ್. ಅದೇ ಏರಿನಲ್ಲಿ ಸೈಕಲ್‌ನಿಂದ ಇಳಿದು, ಗಂಟೆಗೆ 4 ಕಿಲೋಮೀಟರ್‌ನಂತೆ ತಳ್ಳಿಕೊಂಡು ಹೋದರೆ 100 ವ್ಯಾಟಿನೊಳಗೆ ಮುಗಿಯುತ್ತದೆ. ಅಂದರೆ ತಳ್ಳೋದೇ ಲೆಕ್ಕಕ್ಕೆ ಸರಿ. ನಾಚಿಕೆ ಯಾಕೆ? ಜಾರ್ಖಂಡ್‌ನಲ್ಲಿ ಸೈಕಲ್ ಮೇಲೆ 200 ಕೆಜಿ ಕಲ್ಲಿದ್ದಲು ಸಾಗಿಸೋರು ಹೆಚ್ಚಿನ ದಾರಿ ತಳ್ಳಿಕೊಂಡೇ ಹೋಗುತ್ತಾರೆ. 1954ರಲ್ಲಿ ವಿಯೆಟ್ನಾಂನ ದಿಯೆನ್ ಬಿಯೆನ್ ಫು ಯುದ್ಧಕ್ಕೆ ಸಾವಿರಾರು ಸೈಕಲ್‌ಗಳು ಕಾಡುದಾರಿಯಲ್ಲಿ ಅಕ್ಕಿ, ಮದ್ದುಗುಂಡು ಹೊತ್ತವು, ಒಂದೊಂದರ ಮೇಲೆ 200 ಕೆಜಿ ಹೇರಿದ್ದೂ ಉಂಟು. ಅವನ್ನೂ ಯಾರೂ ತುಳಿಯಲಿಲ್ಲ. ಹ್ಯಾಂಡಲ್‌ಗೆ ಒಂದು ಉದ್ದ ಬಿದಿರು ಕಟ್ಟಿ, ಸೀಟಿನ ಹತ್ತಿರ ಇನ್ನೊಂದು ಕೋಲು ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತಾ ತಳ್ಳಿದರು. ಈ ಬಿದಿರಿನ ಉಪಾಯ ನಮಗೂ ಬರುತ್ತದೆ. ಹೇರು ಅಡ್ಡ ಇದ್ದಾಗ ಹ್ಯಾಂಡಲ್ ಕೈಗೆ ಸಿಗೋದಿಲ್ಲ, ಕೋಲು ಕಟ್ಟಿದರೆ ದೂರದಿಂದಲೇ ತಿರುಗಿಸಬಹುದು.

ಮೋಟಾರು ಹಾಕಿಸಬೇಕಾ?

ಏರು ಜಾಸ್ತಿ ಇದ್ದರೆ, ವಯಸ್ಸಾಗಿದ್ದರೆ, ಹಾಕಿಸಿ. 250 ವ್ಯಾಟಿನೊಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ದಾಟದ ವೇಗ ಇದ್ದರೆ ನೋಂದಣಿ, ಲೈಸೆನ್ಸ್ ಬೇಡ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಇರುತ್ತದೆ. ಹೇರಿನ ಜೊತೆ ಕಿಲೋಮೀಟರಿಗೆ 15 ಖರ್ಚಾದರೂ 20 ಕಿಲೋಮೀಟರ್ ದಾಟುತ್ತದೆ. ಗಾಲಿಯೊಳಗೇ ಕೂರೋ ಮೋಟಾರಿಗೆ ಒಂದು ದೌರ್ಬಲ್ಯ ಇದೆ. ಭಾರ ಹೊತ್ತು ಏರಿನಲ್ಲಿ ನಿಧಾನವಾಗಿ ತೆವಳಿದರೆ ಅದು ಬಿಸಿಯಾಗುತ್ತದೆ. ಹಾಗಾಗಿ ಏರಿನಲ್ಲಿ ನೀವೂ ತುಳಿಯಲೇಬೇಕು. ಎಕ್ಸಲ್ ತಿರುಗದ ಹಾಗೆ ತಡೆಯೋ ಪಟ್ಟಿ ಹಾಕಿಸೋದು ಮರೆಯಬೇಡಿ, ಬ್ಯಾಟರಿಯನ್ನು ಏಪ್ರಿಲ್ ಬಿಸಿಲಲ್ಲಿ ಬಿಡಬೇಡಿ. ಮುಖ್ಯವಾಗಿ, ಮೋಟಾರು ನೂಕುತ್ತದೆ, ನಿಲ್ಲಿಸೋದಿಲ್ಲ. ಬ್ರೇಕ್ ಸರಿಮಾಡಿಸದೇ ಮೋಟಾರಿಗೆ ದುಡ್ಡು ಹಾಕಿದರೆ ಮೊದಲ ಇಳಿಜಾರಿನಲ್ಲೇ ತೊಂದರೆ.

ಹಾಗಾದರೆ ಯಾವುದು?

ವಾರಕ್ಕೆ ಒಂದು ಚೀಲ, ಒಂದು ಸಿಲಿಂಡರ್ ಇದ್ದರೆ ಪಕ್ಕದ ಚೌಕಟ್ಟು ಮಾಡಿಸಿ, ಮುಗಿಯಿತು. ಖರ್ಚು ಕಡಿಮೆ, ಕಳೆದುಕೊಳ್ಳೋದು ಏನೂ ಇಲ್ಲ. ಮುರಿಯೋ ಸಾಮಾನು, ಮೊಟ್ಟೆ, ರೊಟ್ಟಿ, ಗಾಜು, ಇವಕ್ಕೆ ಗಟ್ಟಿ ಕ್ಯಾರಿಯರ್ ಮತ್ತು ಗೋಣಿಚೀಲ. ದಿನ ಬಿಟ್ಟು ದಿನ 50ರಿಂದ 80 ಕೆಜಿ, ಗಲ್ಲಿ ಇಕ್ಕಟ್ಟು, ರಸ್ತೆ ಸಮ ಇದ್ದರೆ ಟ್ರೇಲರ್. ದಿನವೂ ಕ್ವಿಂಟಲ್ ದಾಟುತ್ತದೆ, ಮನೆ ಬಾಗಿಲಿಗೆ ಅಗಲದ ರಸ್ತೆ ಇದೆ ಅಂದರೆ ಮಾತ್ರ ಮೂರು ಗಾಲಿ. ತಿಂಗಳಿಗೆ ಒಂದೇ ಸಲ ಐದಾರು ಚೀಲ ತರೋದಿದ್ದರೆ ಇದ್ಯಾವುದೂ ಬೇಡ, ಟಂಟಂ ಕರೆಯಿರಿ. ನಾನೂ ಸುಗ್ಗಿಯಲ್ಲಿ ವರ್ಷದ ಜೋಳ ತರೋಕೆ ಅದನ್ನೇ ಕರೆಯೋದು.

ನಮ್ಮ ಮನೆಯಲ್ಲಿ ಈಗ ಚೌಕಟ್ಟೂ ಇದೆ, ಟ್ರೇಲರೂ ಇದೆ. ಟ್ರೇಲರ್ ಬೇಡದ ದಿನ ಪಡಸಾಲೆಯ ಗೋಡೆಗೆ ನಿಂತಿರುತ್ತದೆ, ಅವ್ವ ಅದರ ಮೇಲೆ ಹಿಟ್ಟಿನ ಜರಡಿ ತೂಗುಹಾಕುತ್ತಾಳೆ. ಸಿಲಿಂಡರ್ ಮುಗಿದಾಗ ಓಣಿಯವರು ಬಂದು ಕೇಳುತ್ತಾರೆ: "ಅಣ್ಣಾ, ನಿನ್ನ ಬಂಡಿ ಒಂದೀಟು ಕೊಡ್ತೀಯೇನು?" ಕೊಡುತ್ತೇನೆ. ಪಿನ್ನು, ಸರಪಳಿ ಮಾತ್ರ ನಾನೇ ಹಾಕಿ ಕಳಿಸುತ್ತೇನೆ.